ಮಗಳಿಗೊಂದು ಪತ್ರ: ಮೊದಲು ಬ್ರೇಕ್, ಆಮೇಲೆ ಎಂಜಿನ್

ಪ್ರೀತಿಯ ಪುಟ್ಟಿ,

"ಕಾರು ಸ್ಟಾರ್ಟ್ ಆಯ್ತಾ ಅಮ್ಮ?" ಅಂತ ಫೋನ್ ಮಾಡಿದಾಗಲೆಲ್ಲ ಕೇಳುತ್ತೀಯಲ್ಲ, ಇಲ್ಲ, ಇನ್ನೂ ಆಗಿಲ್ಲ. ನಾನೇ ಮಾಡಿಲ್ಲ. ನಮ್ಮ ಹಳೇ ಕಾರನ್ನು ರಿಪೇರಿ ಮಾಡುತ್ತಿದ್ದೇನಲ್ಲ, ಬ್ರೇಕ್ ಕೆಲಸ ಮುಗಿಯುವವರೆಗೆ ಅದಕ್ಕೆ ಪೆಟ್ರೋಲ್ ಹಾಕುವುದೇ ಬೇಡ ಅಂತ ತೀರ್ಮಾನಿಸಿದ್ದೇನೆ. ವರ್ಷಗಟ್ಟಲೆ ಸುಮ್ಮನಿದ್ದ ಎಂಜಿನ್ ಸದ್ದು ಮಾಡಿದ ಕೂಡಲೇ ಗೇರ್ ಹಾಕಿ ನಾಲ್ಕು ಹೆಜ್ಜೆ ಮುಂದೆ ಹೋಗೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ನಿನಗಂತೂ ಖಂಡಿತ ಅನ್ನಿಸುತ್ತದೆ. ಆ ಹೊತ್ತಿಗೆ ನಿನ್ನ ಕಾಲಡಿಯಲ್ಲಿ ಗಟ್ಟಿಯಾದ ಪೆಡಲ್ ಇರಬೇಕು.

ನಿಂತ ಗಾಡಿಯಲ್ಲಿ ಸದ್ದಿಲ್ಲದೆ ಕೆಡುವುದು ಬ್ರೇಕೇ. ಪೆಡಲ್ ತುಳಿದ ಬಲವನ್ನು ಚಕ್ರಕ್ಕೆ ಒಯ್ಯುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಆ ನೀರು ಬ್ರೇಕ್ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ, ಪಿಸ್ಟನ್ ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ನಮ್ಮ ಕಾರಿನ ಹಿಂದಿನ ಎರಡು ಚಕ್ರಗಳಲ್ಲೂ ಇದೇ ಆಗಿತ್ತು. ತೇವದಿಂದ ಇನ್ನೊಂದು ಅಪಾಯವೂ ಇದೆ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು ಅಂತ ನಿಯಮ. ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ ನೀರು ಸೇರಿದರೂ ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಹಳೆಯ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ನೀನು ತುಳಿದ ಬಲವೆಲ್ಲ ಆ ಗುಳ್ಳೆಗಳನ್ನು ಅದುಮುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ.

ನಮ್ಮದರಲ್ಲಿ ನಾಲ್ಕೂ ಚಕ್ರಗಳಿಗೆ ಇರುವುದು ಒಂದೇ ಬ್ರೇಕ್ ಆಯಿಲ್ ಲೈನು. ಮುಂದೆ ಬೇರೆ, ಹಿಂದೆ ಬೇರೆ ಅಂತ ಈಗಿನ ಗಾಡಿಗಳ ಹಾಗೆ ಭಾಗ ಮಾಡಿಲ್ಲ. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಹೋದವು. ಅದಕ್ಕೇ ನಾನು ಒಂದೂ ಹಳೇ ಪೈಪ್, ಹಳೇ ಹೋಸ್ ಉಳಿಸಲಿಲ್ಲ. "ನೋಡೋದಕ್ಕೆ ಚೆನ್ನಾಗೇ ಇದೆಯಲ್ಲ" ಅಂತ ನಿಮ್ಮಪ್ಪ ಹೇಳಿದರು. ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡು ದಾರಿ ಮುಚ್ಚಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಅಲ್ವಾ? ಚಕ್ರದ ಬಳಿಯ ವೀಲ್ ಸಿಲಿಂಡರ್, ಪೆಡಲ್ ತುಳಿದಾಗ ಆಯಿಲ್ ನೂಕುವ ಮಾಸ್ಟರ್ ಸಿಲಿಂಡರ್ ಎರಡಕ್ಕೂ ಹೊಸ ರಬ್ಬರ್ ಕಪ್ ಹಾಕಿದ್ದೇನೆ. ಅವನ್ನು ನೀನು ಮುಟ್ಟುವುದಿದ್ದರೆ ಮೊದಲು ಕೈ ತೊಳೆದುಕೋ. ಪೆಟ್ರೋಲ್, ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಯಾವುದು ತಾಗಿದರೂ ಆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಜೋಡಿಸುವಾಗ ಬ್ರೇಕ್ ಆಯಿಲನ್ನೇ ಸವರಬೇಕು.

ಇನ್ನೊಂದು ಮಾತು, ಇದನ್ನು ತಾಯಿಯಾಗಿ ಹೇಳುತ್ತಿದ್ದೇನೆ. ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆ ಕಪ್ಪು ಪುಡಿ ಕೂತಿರುತ್ತದೆ. ಬಾಯಿಂದ ಊದಬೇಡ, ಕಂಪ್ರೆಸರಿನ ಏರ್ ಹಿಡಿಯಲೂ ಬೇಡ. ನಮ್ಮ ಕಾರಿನ ಕಾಲದಲ್ಲಿ ಡ್ರಮ್ಮಿಗೆ ಉಜ್ಜುವ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತಿತ್ತು. ಆ ನಾರು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಹತ್ತಾರು ವರ್ಷದ ನಂತರವೂ ಕ್ಯಾನ್ಸರ್ ತರಬಲ್ಲದು. ಮೂಗು ಮುಚ್ಚುವ ಬಟ್ಟೆ ಸಾಲದು, ಒಳ್ಳೆಯ ಮಾಸ್ಕೇ ಬೇಕು. ಪುಡಿಯನ್ನು ಮೊದಲು ಚೆನ್ನಾಗಿ ನೆನೆಸಿ, ಆಮೇಲೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಡಬೇಕು. ಆ ಲೈನಿಂಗ್ ಇರುವ ಹಳೇ ಬ್ರೇಕ್ ಶೂಗಳನ್ನು ಹಾಗೇ ಮಾಡಿ ತೆಗೆದಿಟ್ಟಿದ್ದೇನೆ. ಆ ಚೀಲವನ್ನು ಬಿಚ್ಚಬೇಡ.

ಪಾರ್ಟ್ಸ್ ಬರುವ ತನಕ ಎಂಜಿನ್ ಕೆಲಸವನ್ನೂ ಮಾಡಿದೆ. ಅದು ಜಾಮ್ ಆಗಿತ್ತು. ಪ್ಲಗ್‌ಗಳನ್ನು ಬಿಚ್ಚಿ ಒಳಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಯಲು ಬಿಟ್ಟೆ. ಕೊನೆಗೆ ಪಾನಾ ಹಾಕಿ ಕೈಯಿಂದ ನಿಧಾನ ಹಿಂದೆ ಮುಂದೆ ಆಡಿಸಿದರೆ ಸಡಿಲವಾಯಿತು. ಆಗ ಸ್ಟಾರ್ಟರ್ ಒತ್ತಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಮುರಿಯುತ್ತಿತ್ತೋ ಏನೋ. ಆಮೇಲೆ ಕಂಪ್ರೆಷನ್ ನೋಡಿದೆ, ಅಂದರೆ ಪ್ರತಿ ಸಿಲಿಂಡರಿನಲ್ಲೂ ಒತ್ತಡ ಎಷ್ಟು ಏರುತ್ತದೆ ಅಂತ ಮೀಟರಿನಲ್ಲಿ ಅಳೆದೆ. ಮೂರು ಸಿಲಿಂಡರ್ ಹತ್ತಿರ ಹತ್ತಿರ ಒಂದೇ ಇದ್ದವು, ಒಂದು ಮಾತ್ರ ತುಂಬಾ ಕಡಿಮೆ. ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದರೂ ಮುಳ್ಳು ಏರಲಿಲ್ಲ. ರಿಂಗ್ ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಮುಳ್ಳು ಏರಬೇಕಿತ್ತು. ಹಾಗಾಗಿ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅಂದಾಜು ಮಾಡಿ, ಎಂಜಿನ್ ಮೇಲೆ ಮುಚ್ಚಳದ ಹಾಗಿರುವ ಹೆಡ್ ಬಿಚ್ಚಿದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಒಂದರ ಅಂಚು ಸುಟ್ಟುಹೋಗಿತ್ತು.

ಎಕ್ಸಾಸ್ಟ್ ಕಡೆ ವಾಲ್ವ್ ಕೂತು ಮುಚ್ಚುವ ಜಾಗಕ್ಕೆ ಗಟ್ಟಿ ಲೋಹದ ಹೊಸ ಸೀಟ್‌ಗಳನ್ನೇ ಕೂರಿಸಿದೆ. ಆ ಕಾಲದ ಮೆತ್ತನೆಯ ಸೀಟ್‌ಗಳನ್ನು ಸವೆಯದಂತೆ ಕಾಯುತ್ತಿದ್ದದ್ದು ಪೆಟ್ರೋಲಿನಲ್ಲಿದ್ದ ಸೀಸ. ಪೆಟ್ರೋಲಿಗೆ ಸೀಸ ಬೆರೆಸಿದರೆ ಎಂಜಿನ್ ಒಳಗಿನ ಟಕ್ ಟಕ್ ಬಡಿತ (ನಾಕಿಂಗ್) ನಿಲ್ಲುತ್ತದೆ ಅಂತ ಕಂಡುಕೊಂಡದ್ದು 1921ರಲ್ಲಿ. 2021ರಲ್ಲಿ ಅಲ್ಜೀರಿಯಾವೂ ಅಂಥ ಪೆಟ್ರೋಲ್ ಮಾರುವುದನ್ನು ನಿಲ್ಲಿಸಿತು, ಅಲ್ಲಿಗೆ ಕಾರಿನ ಪೆಟ್ರೋಲಿನಲ್ಲಿ ಸೀಸ ಎಲ್ಲ ಕಡೆಯೂ ಮುಗಿಯಿತು. ಮಕ್ಕಳ ಮಿದುಳಿಗೆ ವಿಷವಾಗಿತ್ತು ಅದು, ಹೋದದ್ದೇ ಒಳ್ಳೇದಾಯಿತು. ಹೊಂದಿಕೊಳ್ಳಬೇಕಾದ್ದು ನಮ್ಮ ಎಂಜಿನ್. ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಸೀಟಿನ ಮೇಲೆ ನಾನೇ ಉಜ್ಜಿದೆ. ಸುತ್ತಲೂ ಎಲ್ಲೂ ತುಂಡಾಗದ ಒಂದು ಬೂದು ಗೆರೆ ಮೂಡುವ ತನಕ ಬಿಡಬಾರದು. ಈ ಕೆಲಸ ನನಗೆ ಎಷ್ಟು ಇಷ್ಟವಾಯಿತು ಗೊತ್ತಾ! ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೆಡ್ ಕೂರಿಸಿದಾಗ ನಟ್‌ಗಳನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ದೇನೆ. ಕಾರ್ಬ್ಯುರೇಟರ್, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಎರಡೂ ಕ್ಲೀನ್ ಆಗಿವೆ.

ಈಗ ಉಳಿದಿರುವುದು ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯುವುದು. ಅದಕ್ಕೆ ಇಬ್ಬರು ಬೇಕು, ನಿಮ್ಮಪ್ಪನಿಗೆ ಮೊಣಕಾಲು ನೋವು. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು ಮಾಡೋಣ. ನೀನು ಪೆಡಲ್ ತುಳಿ, ನಾನು ಕೆಳಗೆ ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸುತ್ತೇನೆ. ನಾನು ಮತ್ತೆ ಬಿಗಿ ಮಾಡಿ "ಸರಿ" ಅನ್ನುವವರೆಗೆ ಕಾಲು ಎತ್ತಬಾರದು, ಎತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಗುಳ್ಳೆ ಬರುವುದು ನಿಂತು ಪೆಡಲ್ ಮೇಲೇ ಗಟ್ಟಿಯಾದರೆ ಎಂಜಿನ್ ಸರದಿ. ಅದನ್ನೂ ನೇರ ಸ್ಟಾರ್ಟ್ ಮಾಡುವುದಿಲ್ಲ. ಪ್ಲಗ್ ಬಿಚ್ಚಿಟ್ಟು, ಆಯಿಲ್ ಪ್ರೆಷರಿನ ಮುಳ್ಳು ಏಳುವ ತನಕ ಸ್ಟಾರ್ಟರಿನಲ್ಲಿ ತಿರುಗಿಸೋಣ. ಬೇರಿಂಗ್‌ಗಳಿಗೆ ಆಯಿಲ್ ತಲುಪಿದ ಮೇಲೆ ಪ್ಲಗ್ ಹಾಕಿ ಕೀ ತಿರುಗಿಸುವುದು ನೀನೇ.

ಬರುವಾಗ ಆ ದಪ್ಪ ಅಡಿಯ ಶೂ ಬೇಡ. ಪೆಡಲ್ ಎಲ್ಲಿ ಗಟ್ಟಿಯಾಯಿತು ಅನ್ನುವುದು ಕಾಲಿಗೆ ತಿಳಿಯಬೇಕು, ತೆಳು ಅಡಿಯದನ್ನು ಹಾಕಿಕೊಂಡು ಬಾ.

ಪ್ರೀತಿಯಿಂದ,
ಅಮ್ಮ