ಕಿಣ್ವ ಏರಿತೆಂದರೆ ಲಾಭವೆಂದಲ್ಲ

ಸಂಪಾದಕರಿಗೆ,
ಮಾನ್ಯರೇ,

ವ್ಯಾಯಾಮ ಕಠಿಣವಾದಷ್ಟೂ ರಕ್ತದಲ್ಲಿ ಆಂಟಿಆಕ್ಸಿಡೆಂಟ್ ಕಿಣ್ವಗಳು (ಕೋಶಗಳಿಗೆ ಹಾನಿ ಮಾಡಬಲ್ಲ ಆಮ್ಲಜನಕದ ರೂಪಗಳನ್ನು ಅಡಗಿಸುವ ಕಿಣ್ವಗಳು) ಹೆಚ್ಚುತ್ತವೆ, ದೇಹಕ್ಕೂ ಅಷ್ಟೇ ಲಾಭ ಎಂಬರ್ಥದ ಲೇಖನವನ್ನು ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಓದಿದೆ. ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಬಹುಕಾಲ ದುಡಿದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ.

ಸ್ನಾಯು ದುಡಿಯುವಾಗ ಹುಟ್ಟುವ, ಅಂಥ ಹಾನಿಕಾರಕ ರೂಪಗಳಲ್ಲೊಂದಾದ ಸೂಪರ್‌ಆಕ್ಸೈಡನ್ನು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಆಗಿಸುತ್ತದೆ. ಅದನ್ನು ಕ್ಯಾಟಲೇಸ್ ಮತ್ತು ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ನೀರಾಗಿಸುತ್ತವೆ. ಇಷ್ಟರ ಬಗ್ಗೆ ತಕರಾರಿಲ್ಲ. ಆದರೆ ರಕ್ತದಲ್ಲಿ ಈ ಕಿಣ್ವಗಳ ಬಹುಪಾಲು ಇರುವುದು ಕೆಂಪು ಕಣಗಳೊಳಗೆ. ಬಲಿತ ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ. ತನ್ನ ಸುಮಾರು 120 ದಿನಗಳ ಆಯುಸ್ಸಿನಲ್ಲಿ ಅದು ಹೊಸ ಕಿಣ್ವವನ್ನು ತಯಾರಿಸಲಾರದು. ಹಾಗಿರುವಾಗ ಅರ್ಧ ಗಂಟೆ ಓಡಿ ಬಂದವರ ಕೆಂಪು ಕಣಗಳಲ್ಲಿ ಕಂಡ ಏರಿಕೆಯನ್ನು ಹೊಸ ಉತ್ಪಾದನೆ ಎಂದು ಹೇಗೆ ಕರೆಯುವುದು?

ಬಿರುಸಿನ ಓಟದಲ್ಲಿ ನೀರಿನಂಶ ರಕ್ತನಾಳಗಳಿಂದ ಹೊರಸರಿದು ರಕ್ತದ ದ್ರವಭಾಗವಾದ ಪ್ಲಾಸ್ಮಾ ಕುಗ್ಗುತ್ತದೆ, ಆಗ ಮೊದಲಿದ್ದಷ್ಟೇ ಕಿಣ್ವ ಪ್ರತಿ ಮಿಲಿಲೀಟರಿಗೆ ಹೆಚ್ಚಾಗಿ ಕಾಣುತ್ತದೆ. ಹಿಮೋಗ್ಲೋಬಿನ್ ಮತ್ತು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಆಧರಿಸಿ ಇದನ್ನು ಸರಿದೂಗಿಸುವ ಸೂತ್ರವನ್ನು ಡಿಲ್ ಮತ್ತು ಕಾಸ್ಟಿಲ್ ಎಂಬ ಸಂಶೋಧಕರು 1974ರಲ್ಲೇ ಕೊಟ್ಟಿದ್ದಾರೆ. ಇನ್ನೊಂದು ಮೋಸ ಕಣ್ಣಿಗೇ ಕಾಣುವಂಥದ್ದು: ರಕ್ತವನ್ನು ವೇಗವಾಗಿ ತಿರುಗಿಸಿ ಪದರಗಳಾಗಿ ಬೇರ್ಪಡಿಸುವ ಸೆಂಟ್ರಿಫ್ಯೂಜಿನಿಂದ ತೆಗೆದ ಟ್ಯೂಬಿನಲ್ಲಿ ಮೇಲೆ ತಿಳಿಹಳದಿಯಾಗಿ ನಿಲ್ಲಬೇಕಾದ ಪ್ಲಾಸ್ಮಾ ತುಸು ಗುಲಾಬಿಯಾಗಿದ್ದರೆ ಕೆಂಪು ಕಣಗಳು ಒಡೆದಿವೆ ಎಂದೇ ಲೆಕ್ಕ. ಅವುಗಳಿಂದ ಸೋರಿದ ಕಿಣ್ವವೂ ವರದಿಯಲ್ಲಿ ‘ಏರಿಕೆ’ಯಾಗಿ ಕೂರುತ್ತದೆ. ಅಂಥ ಮಾದರಿಗಳನ್ನು ನಾವು ಚೆಲ್ಲಿ ಮತ್ತೆ ರಕ್ತ ಕೇಳುತ್ತಿದ್ದೆವು, ಬೈಸಿಕೊಂಡದ್ದೂ ಉಂಟು.

ತೀವ್ರತೆಗೆ ಬೆಲೆಯಿಲ್ಲ ಎಂದು ನನ್ನ ವಾದವಲ್ಲ. ವಾರಗಟ್ಟಲೆ ಕ್ರಮವಾಗಿ ಏರಿಸಿಕೊಂಡು ಹೋದ ವ್ಯಾಯಾಮದಿಂದ ಸ್ನಾಯುವಿನ ರಕ್ಷಣಾ ವ್ಯವಸ್ಥೆ ಬಲಗೊಳ್ಳುತ್ತದೆ. ಅಭ್ಯಾಸವಿಲ್ಲದವರು ಒಮ್ಮೆಲೇ ಸುಸ್ತಾಗಿ ಬೀಳುವವರೆಗೆ ಓಡಿದರೆ ರಕ್ಷಣೆಗಿಂತ ಹಾನಿಯ ಕೈಯೇ ಮೇಲಾಗಬಹುದು. ಹಾಗೆಂದು ಆಂಟಿಆಕ್ಸಿಡೆಂಟ್ ಮಾತ್ರೆ ನುಂಗುವುದೂ ಪರಿಹಾರವಲ್ಲ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ನಾಲ್ಕು ವಾರಗಳ ತರಬೇತಿಯ ಜೊತೆ ದಿನಕ್ಕೆ 1000 ಮಿಲಿಗ್ರಾಂ ವಿಟಮಿನ್ ಸಿ ಹಾಗೂ 400 ಯೂನಿಟ್ ವಿಟಮಿನ್ ಇ ಸೇವಿಸಿದವರಲ್ಲಿ, ಸೇವಿಸದವರಿಗೆ ದಕ್ಕಿದ ಇನ್ಸುಲಿನ್ ಸಂವೇದನೆಯ (ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಶಕ್ತಿಯ) ಸುಧಾರಣೆ ಕಾಣಲಿಲ್ಲ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ರಕ್ತವನ್ನು ವ್ಯಾಯಾಮ ಮುಗಿದ ಎಷ್ಟು ಹೊತ್ತಿಗೆ ತೆಗೆಯಲಾಯಿತು, ಪ್ಲಾಸ್ಮಾದ ಕುಗ್ಗುವಿಕೆಯನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ ಎಂಬ ಎರಡು ವಿವರಗಳನ್ನಾದರೂ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ