ಹದಿನಾಲ್ಕು ದಾಟಿದ ಹುಡುಗಿಯರಿಗೆ ಹತ್ತನೇ ಕ್ಲಾಸ್ ಪರೀಕ್ಷೆ: ಪುಣೆ ಕನ್ನಡಿಗರಿಗೆ ಒಂದು ದೇಣಿಗೆ ಮನವಿ

ಆತ್ಮೀಯರೇ, ನಮಸ್ಕಾರ.

ಪುಣೆಯ ಕೊಂಢ್ವಾ ಕಡೆ ಓಡಾಡುವವರು ನೋಡಿರುತ್ತೀರಿ. ಅಫ್ಘಾನಿಸ್ತಾನ, ಯೆಮೆನ್, ಸುಡಾನ್‌ನಿಂದ ಬಂದವರು ಅಲ್ಲಿ ಬಹಳ ಮಂದಿ ಇದ್ದಾರೆ. ಹೆಚ್ಚಿನವರು ಇಲ್ಲಿನ ಕಾಲೇಜುಗಳಿಗೆ ಓದಲು ಬಂದ ಗಂಡುಮಕ್ಕಳು. ಊರು ಕೆಟ್ಟ ಮೇಲೆ ಕೆಲವರು ಮನೆಯವರನ್ನೂ ಹೇಗೋ ಕರೆಸಿಕೊಂಡಿದ್ದಾರೆ. ಅಣ್ಣ ಎಂ.ಕಾಂ. ಓದುತ್ತಿರುತ್ತಾನೆ, ತಂಗಿ ಮನೆಯಲ್ಲಿ ಸುಮ್ನೆ ಕೂತಿರುತ್ತಾಳೆ. ನಮ್ಮ ಟ್ರಸ್ಟಿನ ಈ ಮನವಿ ಆ ತಂಗಿಯರನ್ನು ಓದಿಸುವುದಕ್ಕಾಗಿ.

ಅವರು ಬಿಟ್ಟು ಬಂದದ್ದೇನು ಎಂದು ಸ್ವಲ್ಪ ಹೇಳಬೇಕು. ತಾಲಿಬಾನ್ ಕಾಬೂಲ್ ಹಿಡಿದದ್ದು 2021ರ ಆಗಸ್ಟ್ 15ಕ್ಕೆ, ನಾವಿಲ್ಲಿ ಧ್ವಜ ಹಾರಿಸಿದ ದಿನವೇ. ಮುಂದಿನ ತಿಂಗಳು ಹೈಸ್ಕೂಲುಗಳು ತೆರೆದವು, ಹುಡುಗರಿಗೆ ಮಾತ್ರ. 2022ರ ಮಾರ್ಚ್ 23ರಿಂದ ಹುಡುಗಿಯರೂ ಬರಬಹುದು ಎಂದರು. ಬ್ಯಾಗ್ ಹಾಕಿಕೊಂಡು ಹೋದವರನ್ನು ಅವತ್ತೇ ಬೆಳಿಗ್ಗೆ ವಾಪಸ್ ಕಳಿಸಿದರು. ಅದೇ ಡಿಸೆಂಬರ್‌ನಲ್ಲಿ ಯೂನಿವರ್ಸಿಟಿ ಬಾಗಿಲೂ ಮುಚ್ಚಿತು. 2024ರ ಡಿಸೆಂಬರ್‌ನಲ್ಲಿ ನರ್ಸಿಂಗ್ ಮತ್ತು ಹೆರಿಗೆ ಮಾಡಿಸುವ ತರಬೇತಿಯನ್ನೂ ಹೆಂಗಸರಿಗೆ ನಿಲ್ಲಿಸಿದರು. ಹಾಗಾದರೆ ನಾಳೆ ಅಲ್ಲಿ ಹೆರಿಗೆ ಮಾಡಿಸುವವರು ಯಾರು? ಆರನೇ ಕ್ಲಾಸ್ ಆದ ಮೇಲೆ ಹುಡುಗಿಯರಿಗೆ ಶಾಲೆಯೇ ಇಲ್ಲದ ದೇಶ ಅದು. ಹೀಗೆ ಓದು ತಪ್ಪಿದವರು ಕನಿಷ್ಠ 14 ಲಕ್ಷ ಎಂದು ಯುನೆಸ್ಕೋ 2024ರ ಆಗಸ್ಟ್‌ನಲ್ಲಿ ಹೇಳಿತು.

ಸುಡಾನ್‌ನಲ್ಲಿ ಇಂಥ ಆದೇಶ ಯಾರೂ ಹೊರಡಿಸಲಿಲ್ಲ. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು, ಶಾಲೆಗಳಲ್ಲಿ ನಿರಾಶ್ರಿತರು ಬಂದು ನೆಲೆಸಿದರು. ಯೆಮೆನ್‌ನಲ್ಲಿ 2016ರಿಂದ ಬಹಳಷ್ಟು ಮೇಷ್ಟರಿಗೆ ಸರಿಯಾಗಿ ಸಂಬಳವೇ ಇಲ್ಲ. ಮನೆಯಲ್ಲಿ ದುಡ್ಡು ಕಡಿಮೆಯಾದಾಗ ಮೊದಲು ಯಾರ ಶಾಲೆ ಬಿಡಿಸುತ್ತಾರೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ?

ಈಗ ಪುಣೆಯ ವಿಷಯ. ನಮ್ಮ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಅದರಲ್ಲಿ ಮಗು ಎಂದಿದೆಯೇ ಹೊರತು ಭಾರತದ ಪ್ರಜೆಯ ಮಗು ಎಂದಿಲ್ಲ. ಆದ್ದರಿಂದ ಚಿಕ್ಕವರಿಗೆ ಹೇಗಾದರೂ ದಾರಿ ಇದೆ. ಆದರೆ ಆರನೇ ಕ್ಲಾಸಿಗೆ ಓದು ನಿಂತು, ನಾಲ್ಕು ವರ್ಷ ಮನೆಯಲ್ಲಿದ್ದು, ಹದಿನಾರಕ್ಕೆ ಇಲ್ಲಿಗೆ ಬಂದವಳು ಏನು ಮಾಡಬೇಕು? ಶಾಲೆಗೆ ಹೋದರೆ ಟಿ.ಸಿ. ಕೇಳುತ್ತಾರೆ. ಬಾಂಬ್ ಬಿದ್ದ ಶಾಲೆಯ ಟಿ.ಸಿ. ಎಲ್ಲಿಂದ ತರುವುದು? ತಂದರೂ ಹದಿನಾರರ ಹುಡುಗಿಯನ್ನು ಏಳನೇ ಕ್ಲಾಸಿನಲ್ಲಿ ಯಾರೂ ಕೂರಿಸಿಕೊಳ್ಳುವುದಿಲ್ಲ.

ಅವಳಿಗೆ ಉಳಿದಿರುವ ದಾರಿ ಕೇಂದ್ರ ಸರ್ಕಾರದ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್. ಹದಿನಾಲ್ಕು ತುಂಬಿದ್ದರೆ ಹತ್ತನೇ ಕ್ಲಾಸಿಗೆ ಹೆಸರು ಹಚ್ಚಬಹುದು. ಹಿಂದಿನ ಕ್ಲಾಸಿನ ಸರ್ಟಿಫಿಕೇಟ್ ಇಲ್ಲದಿದ್ದರೆ, ಈ ಮಟ್ಟದ ಓದು ನನ್ನಿಂದ ಆಗುತ್ತದೆ ಎಂದು ತಾನೇ ಬರೆದುಕೊಟ್ಟರೆ ನಡೆಯುತ್ತದೆ. ಪರೀಕ್ಷೆ ವರ್ಷಕ್ಕೆ ಎರಡು ಸಲ. ಐದು ವಿಷಯಗಳನ್ನು ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಿದರೂ ಆಯಿತು. ಭಾಷೆಗಳ ಪಟ್ಟಿಯಲ್ಲಿ ಕನ್ನಡ, ಮರಾಠಿಯ ಜೊತೆ ಅರಬ್ಬಿ, ಪರ್ಶಿಯನ್ ಕೂಡ ಇವೆ. ಅಂದರೆ ಸುಡಾನಿನ ಹುಡುಗಿಗೂ ಕಾಬೂಲಿನ ಹುಡುಗಿಗೂ ಐದರಲ್ಲಿ ಒಂದು ವಿಷಯ ಮನೆಮಾತಿಗೆ ಹತ್ತಿರದ್ದೇ. ಇಷ್ಟು ಒಳ್ಳೆಯ ವ್ಯವಸ್ಥೆ ನಮ್ಮಲ್ಲೇ ಇದೆ ಎಂದು ನಮ್ಮವರಿಗೇ ಜಾಸ್ತಿ ಗೊತ್ತಿಲ್ಲ.

ಪರೀಕ್ಷೆ ಫೀಸು ದೊಡ್ಡ ಖರ್ಚಲ್ಲ. ಖರ್ಚು ಇರುವುದು ಓದಿಸುವುದರಲ್ಲಿ. ನಾಲ್ಕು ವರ್ಷ ಪುಸ್ತಕ ಮುಟ್ಟದವರಿಗೆ ಮೊದಲು ಭಿನ್ನರಾಶಿ, ಇಂಗ್ಲಿಷ್ ಓದು, ಆಮೇಲೆ ಹತ್ತನೇ ಕ್ಲಾಸಿನ ಪಾಠ. ಅದಕ್ಕೆ ಸಂಬಳ ಕೊಟ್ಟು ಟೀಚರ್ ಇಡಬೇಕು. ಬಾಡಿಗೆ ಕೋಣೆ ಬೇಕು. ಒಬ್ಬರೇ ಕಳಿಸಲು ಮನೆಯವರು ಹೆದರುವುದರಿಂದ ಹೋಗಿಬರಲು ರಿಕ್ಷಾ ಬೇಕು. ಎಲ್ಲ ಸೇರಿ ಒಬ್ಬ ಹುಡುಗಿಗೆ ವರ್ಷಕ್ಕೆ ಸುಮಾರು 25,000 ರೂಪಾಯಿ ಎಂದು ಲೆಕ್ಕ ಹಾಕಿದ್ದೇವೆ.

ದುಡ್ಡನ್ನು ನೇರವಾಗಿ ಕಾಬೂಲಿಗೇ ಕಳಿಸಬಾರದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ತೆರಿಗೆ ವಿನಾಯಿತಿ ಇರುವ ಟ್ರಸ್ಟ್ ದೇಶದ ಹೊರಗೆ ಖರ್ಚು ಮಾಡಬೇಕಾದರೆ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು. ಆನ್‌ಲೈನ್ ಪಾಠ ಮಾಡೋಣ ಎಂದರೆ, 2025ರ ಸೆಪ್ಟೆಂಬರ್ ಕೊನೆಯಲ್ಲಿ ತಾಲಿಬಾನ್ ಇಡೀ ದೇಶದ ಇಂಟರ್ನೆಟ್ಟನ್ನೇ ಎರಡು ದಿನ ಬಂದ್ ಮಾಡಿತ್ತು. ನಮ್ಮಂಥ ಸಣ್ಣ ಟ್ರಸ್ಟಿನ ಕೈ ಅಲ್ಲಿಯವರೆಗೆ ಚಾಚುವುದಿಲ್ಲ. ಕೊಂಢ್ವಾದವರೆಗೆ ಚಾಚುತ್ತದೆ.

ಇನ್ನೊಂದು ಮಾತು ಸಭೆಯಲ್ಲೇ ಬಂತು: ನಮ್ಮ ಮಕ್ಕಳಿಗೇ ಸಾಲದಿರುವಾಗ ಇವರಿಗ್ಯಾಕೆ? ಕೇಳಿದ್ದು ತಪ್ಪಲ್ಲ. ಅದಕ್ಕೇ ಈ ಲೆಕ್ಕವನ್ನು ಬೇರೆ ಇಟ್ಟಿದ್ದೇವೆ. ಕನ್ನಡ ಮಕ್ಕಳ ವಿದ್ಯಾರ್ಥಿವೇತನದ ಒಂದು ರೂಪಾಯಿಯನ್ನೂ ಇದಕ್ಕೆ ಮುಟ್ಟುವುದಿಲ್ಲ. ಆದರೆ ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ಮುಂಬೈಯ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮಾಡಿದ್ದು ಪರ ಊರಿನಲ್ಲೇ. ಸಾವಿತ್ರಿಬಾಯಿ ಫುಲೆ 1848ರಲ್ಲಿ ಹುಡುಗಿಯರ ಶಾಲೆ ತೆರೆದ ಭಿಡೆ ವಾಡಾ ಇದ್ದದ್ದೂ ನಾವು ದಗಡೂಶೇಠ್ ಗಣಪತಿಗೆ ಕೈಮುಗಿಯುವ ಬೀದಿಯಲ್ಲೇ. ಪಾಠ ಮಾಡಲು ಹೋಗುವಾಗ ಜನ ಎಸೆದ ಸಗಣಿ ಬಿದ್ದ ಸೀರೆ ಬದಲಿಸಲು ಅವರು ಇನ್ನೊಂದು ಸೀರೆ ಒಯ್ಯುತ್ತಿದ್ದರಂತೆ. ಈ ಊರಿನಲ್ಲಿದ್ದುಕೊಂಡು ಇದು ನಮ್ಮ ಕೆಲಸವಲ್ಲ ಎನ್ನಲು ನಮಗಂತೂ ಬಾಯಿ ಬರಲಿಲ್ಲ.

ಕೊಡುವವರಿಗೆ ಕೆಲವು ಸೂಚನೆಗಳು. ಇಷ್ಟೇ ಕೊಡಿ ಎಂದಿಲ್ಲ. ಐನೂರು ಕೊಟ್ಟರೂ ರಸೀದಿ ಕೊಡುತ್ತೇವೆ. ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ (80ಜಿ) ಬೇಕಾದವರು ಪ್ಯಾನ್ ನಂಬರ್ ಕೊಡಿ, 2,000 ರೂಪಾಯಿಗಿಂತ ಜಾಸ್ತಿ ಇದ್ದರೆ ಚೆಕ್ ಅಥವಾ ಬ್ಯಾಂಕ್ ಮೂಲಕ ಕಳಿಸಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ರಿಯಾಯಿತಿ ಇಲ್ಲ, ಮೊದಲೇ ಹೇಳಿಬಿಡುತ್ತೇವೆ. ಗಲ್ಫ್‌ನಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಇದ್ದರೆ ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕೊಡಬಹುದು. ವಿದೇಶಿ ಪಾಸ್‌ಪೋರ್ಟ್ ಇರುವವರಿಂದ ಮಾತ್ರ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ತೆಗೆದುಕೊಳ್ಳುವಂತಿಲ್ಲ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ಖಾತೆ ವಿವರವನ್ನು ಕಚೇರಿಯಲ್ಲೇ ಕೇಳಿ ಪಡೆಯಿರಿ. ವಾಟ್ಸಾಪ್ ಗ್ರೂಪುಗಳಲ್ಲಿ ನಮ್ಮ ಹೆಸರಿನಲ್ಲಿ ಕ್ಯೂಆರ್ ಕೋಡ್ ಬಂದರೆ ಅದು ನಮ್ಮದಲ್ಲ.

ದುಡ್ಡಿನಷ್ಟೇ ಬೇಕಾಗಿರುವುದು ಗಣಿತ, ವಿಜ್ಞಾನ ಕಲಿಸಬಲ್ಲ ರಿಟೈರ್ ಆದ ಟೀಚರಮ್ಮಂದಿರು. ಹೆಂಗಸರೇ ಪಾಠ ಮಾಡುತ್ತಾರೆ ಎಂದರೆ ಮನೆಯವರು ಧೈರ್ಯವಾಗಿ ಕಳಿಸುತ್ತಾರೆ. ಶನಿವಾರ, ಭಾನುವಾರ ಮಧ್ಯಾಹ್ನ ಎರಡು ಗಂಟೆ ಬಿಡುವಿದ್ದರೆ ಕಚೇರಿಯಲ್ಲಿ ಹೆಸರು ಬರೆಸಿ. ನಿಮ್ಮನ್ನು ಕರೆದೊಯ್ಯುವ ರಿಕ್ಷಾ ಖರ್ಚೂ ನಮ್ಮದೇ.