ಸಿಡುಕುವ ಮಗು, ಬೈಸಿಕೊಳ್ಳುವ ಅಮ್ಮ

ಮಾನ್ಯರೇ,

ನಮ್ಮ ಪಕ್ಕದ ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆ) ಒಂಬತ್ತು ವರ್ಷದ ಹುಡುಗನಿಗೆ ಕಿಡ್ನಿ ಕಾಯಿಲೆ. ರಕ್ತದಲ್ಲಿ ಪೊಟ್ಯಾಶಿಯಂ ಜಾಸ್ತಿ ಅಂತ ಕಿತ್ತಳೆ, ಬಾಳೆಹಣ್ಣು ಎರಡೂ ಬಂದ್. ಕೊಡಗಿನಲ್ಲಿದ್ದು ಕಿತ್ತಳೆ ಮುಟ್ಟಬೇಡ ಅಂದ್ರೆ ಯಾವ ಮಗು ಕೇಳುತ್ತೆ? ಮೊನ್ನೆ ಅನ್ನದ ತಟ್ಟೆಯನ್ನೇ ಎಸೆದ. ‘ಮುದ್ದು ಮಾಡಿ ಕೆಡಿಸಿದ್ದಾಳೆ’ ಅಂತ ಎಲ್ಲರೂ ಅಮ್ಮನನ್ನೇ ಬೈದರು. ಹುಡುಗನಿಗೆ ರಕ್ತ ಕಡಿಮೆಯಾಗಿ ಸುಸ್ತು, ಸರಿಯಾಗಿ ನಿದ್ದೆಯಿಲ್ಲ, ಶಾಲೆಯೂ ತಪ್ಪುತ್ತೆ. ದೊಡ್ಡವರೇ ಸಿಡುಕುತ್ತಾರೆ, ಅಲ್ವಾ?

ಚೆಕಪ್‌ಗೆ ಮೈಸೂರಿಗೆ ಹೋದ ದಿನ ಆಕೆಗೆ ಕೂಲಿಯಿಲ್ಲ. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟು ಅಂತ ನೋಡುವವರಿದ್ದಾರೆ, ‘ನೀವು ನಿದ್ದೆ ಮಾಡಿದ್ರಾ ಅಮ್ಮಾ’ ಅನ್ನುವವರಿಲ್ಲ. ಜಿಲ್ಲೆಯಲ್ಲಿ ವಾರಕ್ಕೊಂದು ದಿನವಾದರೂ ಇಂಥ ತಾಯಂದಿರಿಗೆ ಆಪ್ತ ಸಮಾಲೋಚಕರು ಸಿಗಲಿ. ಅಲ್ಲಿವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಟೆಲಿ ಮಾನಸ್‌ನ ಉಚಿತ ಸಹಾಯವಾಣಿ 14416 ಅನ್ನು ಲೈನ್ ಮನೆಗಳ ಗೋಡೆಗಾದರೂ ಬರೆಸಿ.

– ಓದುಗಿ, ಸೋಮವಾರಪೇಟೆ